ರೆಕ್ಕೆಯ ಹಿಂದಿನ ಹಲಗೆ

ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಂಜೆ ಚಂದ್ರಾ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಅಷ್ಟರಲ್ಲಿ ತಲೆಯ ಮೇಲೆಯೇ ವಿಮಾನವೊಂದು ಇಳಿಯುತ್ತ ಹಾದುಹೋಯಿತು. ಅದನ್ನು ನೋಡಿ ಅವಳು ಗಂಡನಿಗೆ ಒಂದು ಪ್ರಶ್ನೆ ಕೇಳಿದಳು. ಮುಂದೆ ಆದದ್ದಕ್ಕೆಲ್ಲ ಆ ಪ್ರಶ್ನೆಯೇ ಕಾರಣ.

"ಏನುಂಗ, ಅದು ಇಳಿಯೋವಾಗ ರೆಕ್ಕೆ ಹಿಂದೆ ಒಂದು ಹಲಗೆ ಕೆಳಕ್ಕೆ ಜೋತು ಬೀಳ್ತದಲ್ಲ, ಅದು ಯಾತಕ್ಕೆ?"

ಗಂಡ ಮಾಯಣ್ಣ ಕೊಯಮತ್ತೂರಿನ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದ. ವಿಮಾನ ಬಂದು ನಿಂತ ಕೂಡಲೇ ಚಕ್ರದ ಏಣಿಯನ್ನು ತಳ್ಳಿಕೊಂಡು ಹೋಗಿ ಅದರ ಬಾಗಿಲಿಗೆ ನಿಲ್ಲಿಸುವುದು, ಜನ ಇಳಿದ ಮೇಲೆ ಹಿಂದಕ್ಕೆ ಎಳೆದುಕೊಂಡು ಬರುವುದು ಅವನ ಕೆಲಸ. ವಿಮಾನಕ್ಕೂ ಅವನಿಗೂ ಇದ್ದ ಸಂಬಂಧ ಆ ಏಣಿಯಷ್ಟೇ ಉದ್ದದ್ದು. ಜೋತು ಬೀಳುವ ಹಲಗೆಯನ್ನು ಅವನೂ ದಿನಾ ನೋಡುತ್ತಿದ್ದ, ಅದು ಯಾಕಿರಬಹುದು ಎಂದು ಅವನಿಗೂ ಬೆರಗಿತ್ತು. ಆದರೆ ಯಾರನ್ನೂ ಕೇಳಿರಲಿಲ್ಲ. ಏಕೆಂದರೆ ಕೇಳಿದರೆ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ ಆಗುತ್ತದೆ, ಮತ್ತು 'ಗೊತ್ತಿಲ್ಲ' ಎನ್ನುವ ಒಂದು ಮಾತು ಮಾಯಣ್ಣನ ಬಾಯಿಗೆ ಹುಟ್ಟಿದಾಗಿನಿಂದ ಬಂದದ್ದಿಲ್ಲ.

"ಅದಾ? ಅದು ಬಹಳ ದೊಡ್ಡ ವಿಷ್ಯ" ಎಂದ ಅವನು, ಆಕಾಶವನ್ನೇ ನೋಡುತ್ತ. "ಒಂದು ದಿನ ಕೂರಿಸಿ ಹೇಳ್ತೀನಿ."

ಆ ದಿನ ಬರುವ ಮೊದಲೇ ಆಡಿ, ಅಂದರೆ ಆಷಾಢದ ತಿಂಗಳು ಬಂತು. ಹೊಸ ಮದುಮಗಳು ಆಡಿಯಲ್ಲಿ ಗಂಡನ ಮನೆಯಲ್ಲಿರುವಂತಿಲ್ಲ. ಇದ್ದರೆ ಚಿತ್ತಿರೈ ತಿಂಗಳ ಬಿರುಬಿಸಿಲಿಗೆ ಸರಿಯಾಗಿ ಮಗು ಹುಟ್ಟುತ್ತದೆ ಎಂದು ಹಿರಿಯರ ಲೆಕ್ಕ. ಚಂದ್ರಾಳ ತಾಯಿ ಕನ್ನಿಯಮ್ಮಾಳ್ ಮಡತ್ತುಕುಳಂನಿಂದ ಖುದ್ದಾಗಿ ಬಂದು ಮಗಳನ್ನು ಕರೆದುಕೊಂಡು ಹೋದಳು. ಇರುವವಳು ಒಬ್ಬಳೇ ಮಗಳು. ಅವಳನ್ನು ಬಸ್ಸಿಗೆ ಹತ್ತಿಸುವಾಗ ಕನ್ನಿಯಮ್ಮಾಳ್‌ಳ ಮುಖ ನೋಡಿದ್ದರೆ ಯಾರೂ ಅವಳು ಸಂಪ್ರದಾಯ ಪಾಲಿಸುತ್ತಿದ್ದಾಳೆ ಎನ್ನುತ್ತಿರಲಿಲ್ಲ, ಕಳೆದುಹೋದ ಎಮ್ಮೆ ಸಿಕ್ಕಿತು ಎನ್ನುತ್ತಿದ್ದರು.

ಆ ತಿಂಗಳು ಮಾಯಣ್ಣ ಪಟ್ಟ ಪಾಡು ಅವನಿಗೇ ಗೊತ್ತು. ಅವನು ಮಾಡಿದ ಸಾರನ್ನು ಅವನೇ ಉಣ್ಣಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಪ್ರಶ್ನೆ ಕೇಳುವವರಿಲ್ಲದೆ ಮನೆ ಭಣಭಣ ಎನ್ನುತ್ತಿತ್ತು. ಆಡಿ ಮುಗಿದು ಆವಣಿ ಹುಟ್ಟಿದ ದಿನವೇ ಅವನು ರಜಾ ಹಾಕಿ, ಬೆಳಗಿನ ಜಾವ ತನ್ನ ಮೊಪೆಡ್ ಹತ್ತಿ ಕಿಣತ್ತುಕಡವು ದಾರಿಯಲ್ಲಿ ಮಾವನ ಮನೆಗೆ ಹೊರಟ. ಪೊಳ್ಳಾಚಿ ದಾಟಿ ಪೂರ್ವಕ್ಕೆ ತಿರುಗಿದ್ದೇ ತಡ, ಪಾಲಕ್ಕಾಡಿನ ಕಡೆಯಿಂದ ನುಗ್ಗುವ ಆಡಿ ಗಾಳಿ ಬೆನ್ನಿಗೆ ಬಿತ್ತು. ತಿಂಗಳು ಮುಗಿದದ್ದು ಆ ಗಾಳಿಗೆ ತಿಳಿದಂತಿರಲಿಲ್ಲ. ಮೊಪೆಡ್ಡು ತಾನಾಗಿ ಓಡಿತು. ಮಧ್ಯಾಹ್ನ ಊಟ ಮುಗಿಸಿ, ರಾಹುಕಾಲ ಕಳೆದೊಡನೆ ಚಂದ್ರಾಳನ್ನು ಹಿಂದೆ ಕೂರಿಸಿಕೊಂಡು ಹೊರಡುವುದು, ಸಂಜೆಗೆ ಮನೆಯಲ್ಲಿ ಅವಳ ಕೈಯ ಕಾಫಿ ಕುಡಿಯುವುದು ಎಂದು ಅವನು ದಾರಿಯುದ್ದಕ್ಕೂ ಹಾಡಿಕೊಂಡ.

ಮಾವನ ಮನೆಯ ತಿಣ್ಣೆಯ ಮೇಲೆ ಅರ್ಧ ಬೀದಿ ಕೂತಿತ್ತು.

"ಬಂದ್ರು, ವಿಮಾನದ ಮಾಪ್ಳೆ ಬಂದ್ರು!" ಎಂದು ಮಾವ ಲಿಂಗಸಾಮಿ ಎದ್ದು ನಿಂತ. ಅವನು ಸಾಧು ರೈತ. ಅಳಿಯ ವಿಮಾನದಲ್ಲಿ ಕೆಲಸಕ್ಕಿದ್ದಾನೆ ಎಂದಷ್ಟೇ ಊರಿಗೆ ಹೇಳಿದ್ದ, ಏಣಿಯ ಸುದ್ದಿ ಎತ್ತಿರಲಿಲ್ಲ. ಬಾಗಿಲ ಹಿಂದೆ ಚಂದ್ರಾಳ ಬಳೆ ಸದ್ದು ಕೇಳಿ ಮಾಯಣ್ಣ ಆ ಕಡೆ ಕತ್ತು ಹೊರಳಿಸಿದ. ಅಷ್ಟರಲ್ಲಿ ಒಬ್ಬ ದಪ್ಪ ಮೀಸೆಯವನು ಅಡ್ಡ ಬಂದ. ಪಕ್ಕದ ಮನೆಯ ದಂಡಪಾಣಿ, ಪೋತ್ತನೂರಿನ ರೈಲ್ವೆಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾಗಿ ಬಂದವನು. ಊರಲ್ಲಿ ಯಂತ್ರದ ವಿಷಯ ಏನೇ ಬರಲಿ, ಕೊನೆಯ ಮಾತು ಅವನದು.

"ಕೂತ್ಕೊಳ್ಳಿ ಮಾಪ್ಳೆ. ನಿಮ್ಮಿಂದ ಒಂದು ತೀರ್ಪು ಆಗ್ಬೇಕು" ಎಂದ ದಂಡಪಾಣಿ. "ರೆಕ್ಕೆ ಹಿಂದೆ ಹಲಗೆ ಜೋತು ಬೀಳ್ತದಂತಲ್ಲ, ಅದು ಏನು? ಚಂದ್ರಾ ಬಂದು ಕೇಳಿದ್ಲು. ಒಂದು ತಿಂಗಳಿಂದ ಇದೇ ಜಗಳ. ಅದು ಬ್ರೇಕು ಅಂತ ನಾನು. ಜನ ಇಳಿಯೋ ಮೆಟ್ಲು ಅಂತ ನಿಮ್ಮ ಮಾವ. ಈ ಕುಪ್ಪಮ್ಮ ಹೇಳೋದು ಕೇಳಿ, ಕಾಗೆ ಕೂರೋ ಮುಂಚೆ ಪುಕ್ಕ ಬಗ್ಗಿಸ್ತದಲ್ಲ, ಅದಂತೆ!"

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಎದುರು ಮನೆಯ ಮುದುಕಿ ಕುಪ್ಪಮ್ಮ ತಲೆ ಎತ್ತಿದಳು. "ಆಮಾ, ಅದೇ. ಕಾಗೆಗೆ ಯಾರು ಬ್ರೇಕ್ ಹಾಕ್ಕೊಟ್ರು?"

"ನಾನ್ ಹೇಳಿದ್ನಲ್ಲ, ಅವ್ರಿಗೆ ಎಲ್ಲಾ ಗೊತ್ತು ಅಂತ" ಎಂದು ಚಂದ್ರಾ ಬಾಗಿಲ ಹಿಂದಿನಿಂದಲೇ ಹೆಮ್ಮೆಯಿಂದ ಹೇಳಿದಳು.

ಈ ಹೊತ್ತಿನಲ್ಲಿ 'ನನಗೂ ಗೊತ್ತಿಲ್ಲ, ಕೇಳಿಕೊಂಡು ಬರುತ್ತೇನೆ' ಎಂದಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾಯಣ್ಣ ದಂಡಪಾಣಿಯ ಮೀಸೆಗೆ ಹೆದರಿ, "ಅದು ಬ್ರೇಕೇ ಮಾಮಾ" ಎಂದ.

ದಂಡಪಾಣಿಗೆ ಸಂತೋಷವಾಗಬೇಕಿತ್ತು. ಆದರೆ ಅವನು ವಾದಕ್ಕೆ ಹುಟ್ಟಿದವನು. ಎದುರಾಳಿ ಒಪ್ಪಿಕೊಂಡರೆ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ. "ಅದೆಂಗೆ?" ಎಂದ. "ರೈಲಿಗೆ ಬ್ರೇಕ್ ಹಾಕಿದ್ರೆ ಕಂಬಿ ಮೇಲೆ ನಿಲ್ತದೆ. ಇದಕ್ಕೆ ಆಕಾಶದಲ್ಲಿ ಬ್ರೇಕ್ ಹಾಕಿದ್ರೆ ಯಾತರ ಮೇಲೆ ನಿಲ್ತದೆ? ಧೊಪ್ಪಂತ ಬೀಳೋದಿಲ್ವಾ? ಸೊಲ್ಲುಂಗ ಮಾಪ್ಳೆ, ಹೇಳಿ!"

ತಿಣ್ಣೆಯೆಲ್ಲ ಮಾಯಣ್ಣನ ಬಾಯಿಯನ್ನೇ ನೋಡಿತು. ಪ್ರಶ್ನೆ ಸರಿಯಾಗಿತ್ತು. ಅದು ಮಾಯಣ್ಣನ ತಲೆಯೊಳಗೂ ಹೊಕ್ಕು ಕೂತಿತು. ಹೌದಲ್ಲ, ನಿಧಾನವಾದರೆ ಬೀಳಬೇಕು, ಆದರೆ ದಿನಾ ಅಷ್ಟು ನಿಧಾನವಾಗಿ ಬರುತ್ತದೆ, ಬೀಳುವುದಿಲ್ಲ. ಯಾಕೆ?

"ಬಾಯಲ್ಲಿ ಹೇಳಿದ್ರೆ ತಿಳಿಯೋದಿಲ್ಲ. ಮಾಡಿ ತೋರಿಸ್ಬೇಕು" ಎಂದ ಅವನು, ಹೊತ್ತು ತಳ್ಳಲು. "ಒಂದು ಮೊರ ಕೊಡಿ ಅತ್ತೆ."

ಕನ್ನಿಯಮ್ಮಾಳ್ ಬೆಳಗಿನಿಂದ ಮಗಳ ಪೆಟ್ಟಿಗೆಗೆ ಒಂದೊಂದೇ ಸೀರೆ ತುಂಬುತ್ತ, ತುಂಬಿದ್ದನ್ನು ಮತ್ತೆ ತೆಗೆದು ಮಡಿಸುತ್ತ, ಕಣ್ಣೊರೆಸಿಕೊಳ್ಳುತ್ತ ಇದ್ದಳು. ಮೊರ ಕೊಟ್ಟಳು. ಕುಪ್ಪಮ್ಮ ತನ್ನದೊಂದು ಚಿಕ್ಕ ಮೊರವನ್ನೂ ತರಿಸಿದಳು. ಮಾಯಣ್ಣ ಎರಡನ್ನೂ ಅಂಚಿಗೆ ಅಂಚು ಸೇರಿಸಿ ಗೋಣಿದಾರದಲ್ಲಿ ಹೊಲಿದ, ದೊಡ್ಡದು ಮುಂದೆ, ಚಿಕ್ಕದು ಹಿಂದೆ, ನಡುವೆ ಬಾಗಿಲ ಕೀಲಿನ ಹಾಗೆ ಸಡಿಲ. ಹೊಲಿದದ್ದು ಬರೀ ಹೊತ್ತು ಕಳೆಯುವುದಕ್ಕೆ. ಆದರೂ ಕೈ ಆಡುತ್ತ ಆಡುತ್ತ ಅವನಿಗೆ ನಿಜವಾಗಿಯೂ ತಿಳಿಯುವ ಆಸೆ ಹುಟ್ಟಿತು. ಊರ ಪಡುವಣ ಅಂಚಿನ ಕಣಕ್ಕೆ ಎಲ್ಲರೂ ಮೆರವಣಿಗೆ ಹೋದರು. ಅಲ್ಲಿ ಗಾಳಿಗೆ ಅಡ್ಡ ಏನೂ ಇಲ್ಲ. ನಿಂತವರ ಮಾತು ಬಾಯಿಂದ ಹೊರಟ ಕೂಡಲೇ ಪಳನಿಯ ಕಡೆ ಹಾರಿಹೋಗುತ್ತಿತ್ತು.

ಮಾಯಣ್ಣ ಗಾಳಿಗೆ ಎದುರಾಗಿ ನಿಂತು ಮೊರದ ಜೋಡಿಯನ್ನು ತಲೆಯ ಮೇಲೆ ಚಪ್ಪಟೆಯಾಗಿ ಹಿಡಿದ. ಮೊರ ನಡುಗಿತು, ಅಷ್ಟೇ. ಗಾಳಿ ಮೇಲೆ ಕೆಳಗೆ ಜಾರಿ ಹೋಯಿತು.

"ಏನೂ ಆಗ್ಲಿಲ್ವಲ್ಲ" ಎಂದ ದಂಡಪಾಣಿ.

ಮಾಯಣ್ಣ ಬೆರಳಿನಿಂದ ಹಿಂದಿನ ಚಿಕ್ಕ ಮೊರವನ್ನು ಮೆಲ್ಲನೆ ಕೆಳಕ್ಕೆ ಬಗ್ಗಿಸಿದ. ಇಡೀ ಜೋಡಿ ಕೈಯಿಂದ ಕಿತ್ತುಕೊಂಡು ಮೇಲಕ್ಕೆ ನೆಗೆಯಿತು! ಅವನು ತುದಿಗಾಲಲ್ಲಿ ನಿಂತು ಹಿಡಿದುಕೊಂಡ. ಮತ್ತೆ ನೆಟ್ಟಗೆ ಮಾಡಿದ, ಸುಮ್ಮನಾಯಿತು. ಮತ್ತೆ ಬಗ್ಗಿಸಿದ. ಅದು ಮೇಲಕ್ಕೂ ಎಳೆಯಿತು, ಹಿಂದಕ್ಕೂ ತಳ್ಳಿತು. ಎರಡೂ ಒಟ್ಟಿಗೆ. ಮಾಯಣ್ಣನ ಮೈ ಜುಮ್ಮೆಂದಿತು. ಇಷ್ಟು ದಿನ ಏಣಿ ಹಿಡಿದು ಬಾಯಿ ಬಿಟ್ಟು ನೋಡುತ್ತಿದ್ದ ಗುಟ್ಟು ಈಗ ಅವನ ಎರಡು ತೋಳುಗಳಲ್ಲಿ ಜಗ್ಗುತ್ತಿತ್ತು.

"ಗಾಳಿ ಕೆಳಕ್ಕೆ ಹೋಗ್ತಾ ಇದೆ!" ಎಂದು ಕೂಗಿದ. "ಬಗ್ಗಿದ ಮೊರ ಗಾಳಿನ ಕೆಳಕ್ಕೆ ತಳ್ತದೆ, ಗಾಳಿ ಮೊರನ ಮೇಲಕ್ಕೆ ತಳ್ತದೆ!"

"ಹಂಗಾದ್ರೆ..." ಎಂದಳು ಚಂದ್ರಾ. ಅವಳು ಯಾವಾಗಲೋ ಬಾಗಿಲ ಹಿಂದಿನಿಂದ ಬಂದು ಎಲ್ಲರಿಗಿಂತ ಮುಂದೆ ನಿಂತಿದ್ದಳು. "ಜೋರಾಗಿ ಹೋಗೋವಾಗ ಚಪ್ಪಟೆ ರೆಕ್ಕೆನೇ ಸಾಕು. ಇಳಿಯೋಕೆ ನಿಧಾನ ಆಗ್ಬೇಕು. ನಿಧಾನ ಆದ್ರೆ ಗಾಳಿ ಸಾಲೋದಿಲ್ಲ, ಬೀಳ್ತದೆ. ಅದಕ್ಕೆ ರೆಕ್ಕೆ ಬಗ್ಗಿಸಿ, ಇರೋ ಗಾಳಿಲೇ ಜಾಸ್ತಿ ತೂಕ ಹೊರಿಸ್ತಾರೆ. ಹಂಗೇನಾ?"

"ಹಂಗೇ! ಹಿಂದಕ್ಕೂ ಜಗ್ತದೆ, ಅದಕ್ಕೆ ಬ್ರೇಕೂ ಆಯ್ತು" ಎಂದ ಮಾಯಣ್ಣ. ಹೆಂಡತಿಯ ಮುಖದ ಬೆಳಕು ನೋಡಿ ಅವನಿಗೆ ಅಲ್ಲೇ ಕುಣಿಯಬೇಕೆನಿಸಿತು. "ಏರೋವಾಗ್ಲೂ ಸ್ವಲ್ಪ ಬಗ್ಗಿಸ್ತಾರೆ, ಬೇಗ ಎದ್ದೇಳ್ಲಿ ಅಂತ. ಸ್ವಲ್ಪ ಬಗ್ಗಿಸಿದ್ರೂ ಸಾಕು, ಎತ್ತಿಬಿಡ್ತದೆ."

"ಕಾಗೆ ಅಂತ ನಾನ್ ಹೇಳ್ಲಿಲ್ವಾ?" ಎಂದಳು ಕುಪ್ಪಮ್ಮ.

ಇಲ್ಲಿಗೆ ಕೈತೊಳೆದು ಊಟಕ್ಕೆ ಕೂರಬಹುದಿತ್ತು. ಆದರೆ ಬ್ರೇಕು ಅರ್ಧಕ್ಕಿಳಿದದ್ದು ದಂಡಪಾಣಿಗೆ ಹಿಡಿಸಲಿಲ್ಲ. "ಮೊರ ಹಾರೋದು ಏನು ದೊಡ್ಡದು? ವಿಮಾನ ಏನು ಬಿದಿರಲ್ಲಿ ಹೆಣೆದಿದ್ದಾ? ತಗಡಲ್ಲಿ ತೋರಿಸಿ, ಒಪ್ಕೋತೀನಿ."

ಗೆದ್ದ ಮನುಷ್ಯನಿಗೆ ಬುದ್ಧಿ ನಿಲ್ಲುವುದಿಲ್ಲ. ಮಾಯಣ್ಣ ಸುತ್ತ ನೋಡಿದ. ಲಿಂಗಸಾಮಿಯ ಆಡಿನ ಕೊಟ್ಟಿಗೆಗೆ ಕೀಲು ಹಾಕಿ ಎರಡು ಮಡಿಕೆ ಮಾಡಿದ ತಗಡಿನ ಬಾಗಿಲಿತ್ತು. ಅದನ್ನು ಕಳಚಿ ತಂದರು. ಮೊಪೆಡ್ಡಿನ ಹಿಂದಿನ ಸೀಟಿನ ಮೇಲೆ, ಚಂದ್ರಾ ಕೂರಬೇಕಾದ ಜಾಗದಲ್ಲಿಯೇ, ಆ ಬಾಗಿಲನ್ನು ಅಡ್ಡಕ್ಕೆ ಹಾಸಿ ಹಗ್ಗದಲ್ಲಿ ಬಿಗಿದರು. ಹಿಂದಿನ ಮಡಿಕೆ ಪೂರ್ತಿ ಜೋತು ಬೀಳದಂತೆ ಎರಡು ತುದಿಗೆ ಹಗ್ಗ ಕಟ್ಟಿದರು. ಆ ಮಡಿಕೆಯನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ಮಾವ ಹಿಂದೆ ಓಡಬೇಕು, ಅಳಿಯ ಕೂಗಿದಾಗ ಬಿಡಬೇಕು.

"ಮಾಪ್ಳೆ, ಇದೆಲ್ಲ ಬೇಕಾ?" ಎಂದ ಲಿಂಗಸಾಮಿ, ತಗಡು ಹಿಡಿದುಕೊಂಡು.

"ಭಯ ಬೇಡ ಮಾವ. ದಿನಾ ನೋಡೋದೇ."

ಮೊಪೆಡ್ಡು ಕಣದ ಉದ್ದಕ್ಕೆ ಗಾಳಿಗೆ ಎದುರಾಗಿ ಓಡಿತು. ಹಿಂದೆ ಲಿಂಗಸಾಮಿ ಏದುಸಿರು ಬಿಡುತ್ತ ಓಡಿದ. ಅವನ ಹಿಂದೆ, ಕರೆಯದಿದ್ದರೂ, ಬೀದಿ ಓಡಿತು. ನಡುಕಣಕ್ಕೆ ಬಂದಾಗ ಗಾಳಿ ಒಮ್ಮೆ ಉಸಿರು ಕಟ್ಟಿ ಜೋರಾಗಿ ಬೀಸಿತು. "ಬಿಡಿ ಮಾವ!" ಎಂದು ಮಾಯಣ್ಣ ಕೂಗಿದ.

ಮಾವ ಬಿಟ್ಟ. ತಗಡು ಢಬ್ ಎಂದು ಬಾಗಿತು. ಮೊಪೆಡ್ಡಿನ ಹಿಂದಿನ ಚಕ್ರ ನೆಲ ಬಿಟ್ಟು ಎದ್ದಿತು! ಗಾಳಿಯಲ್ಲಿ ಗಿರ್ರನೆ ತಿರುಗುತ್ತ ಅದು ಕರು ಕಳೆದುಕೊಂಡ ಹಸುವಿನ ಹಾಗೆ ಅರಚಿತು. ಮಾಯಣ್ಣನ ಕುಂಡೆ ಸೀಟಿನಿಂದ ಮೇಲಕ್ಕೆ ಬಂತು. ಅರೆಗಳಿಗೆ ಅವನಿಗೆ ಭಯಕ್ಕಿಂತ ಹೆಚ್ಚು ಆನಂದವಾಯಿತು. ಆಮೇಲೆ ಹಗ್ಗ ಹರಿದು, ತಗಡು ತನ್ನ ಪಾಡಿಗೆ ತಾನು ಹಾರಿ, ಕಣಕ್ಕೆ ತಾಗಿದ್ದ ದಂಡಪಾಣಿಯ ಹಿತ್ತಲಲ್ಲಿ ಅವನ ನುಗ್ಗೆ ಮರವನ್ನು ನಡುವಿಗೆ ಮುರಿದು ಇಳಿಯಿತು. ಮಾಯಣ್ಣ ಮೊಪೆಡ್ ಸಮೇತ ಹುಲ್ಲಿನ ಬಣವೆಯೊಳಗೆ ಹೊಕ್ಕ. ಹೊರಗೆ ಕಾಣುತ್ತಿದ್ದದ್ದು ಹಿಂದಿನ ಚಕ್ರ ಮತ್ತು ಎರಡು ಪಾದ.

ಕಾಲು ಹಿಡಿದು ಎಳೆದರು. ಆಡಿಗೆ ಮಾವ ಕೊಟ್ಟ ಹೊಸ ಪಂಚೆ ಎರಡು ಹೋಳಾಗಿತ್ತು, ಮೈಗೆ ಏನೂ ಆಗಿರಲಿಲ್ಲ. ಕಿವಿಯಿಂದ ಹುಲ್ಲು ತೆಗೆಯುತ್ತ ಅವನು ಕೇಳಿದ ಮೊದಲ ಮಾತು, "ಎದ್ದಿತಾ?"

"ಎದ್ದಿತು! ಒಂದು ಮೊಳ ಎದ್ದಿತು!" ಎಂದು ಚಂದ್ರಾ ಕೈ ತಟ್ಟಿದಳು.

ದಂಡಪಾಣಿ ತನ್ನ ನುಗ್ಗೆ ಮರದ ಕಡೆ ನೋಡಿದ, ಮೀಸೆ ತಿರುವಲು ಕೈ ಎತ್ತಿ ಹಾಗೇ ಇಳಿಸಿದ. "ಒಪ್ಕೊಂಡೆ" ಎಂದ, ಬಹಳ ಸಣ್ಣ ದನಿಯಲ್ಲಿ.

ಊಟಕ್ಕೆ ಕೂತಾಗ ಮಾಯಣ್ಣನ ಎಲೆಗೆ ಬೀದಿಯವರೇ ಬಡಿಸಿದರು. ಮೊರ ಯಾಕೆ ಎದ್ದಿತು, ತಗಡು ಯಾಕೆ ಎದ್ದಿತು ಎಂದು ಒಬ್ಬರಿಗೊಬ್ಬರು ವಿವರಿಸಿಕೊಂಡರು. ಎಲ್ಲರಿಗೂ ಪಾಠ ಬಾಯಿಗೆ ಬಂದಿತ್ತು. ಕನ್ನಿಯಮ್ಮಾಳ್ ಮಾತ್ರ ಸಾರಿನ ಸೌಟು ಹಿಡಿದು ಬಾಗಿಲಲ್ಲಿ ನಿಂತು, ಅಳಿಯನನ್ನೂ, ಹೊರಗೆ ನಿಂತ ಮೊಪೆಡ್ಡನ್ನೂ, ತೂಗಾಡುವ ತೆಂಗಿನ ಮರವನ್ನೂ ನೋಡುತ್ತಿದ್ದಳು. ಅವಳಿಗೂ ಪಾಠ ಬಂದಿತ್ತು.

ರಾಹುಕಾಲ ಕಳೆಯಿತು. ಮಾವನ ಹಳೆಯ ಪಂಚೆ ಉಟ್ಟು ಮಾಯಣ್ಣ ಮೊಪೆಡ್ಡಿಗೆ ಪೆಟ್ಟಿಗೆ ಕಟ್ಟಿದ. ಚಂದ್ರಾ ತಲೆ ತುಂಬ ಮಲ್ಲಿಗೆ ಮುಡಿದು, ಹೊಸ ಸೀರೆ ಉಟ್ಟು ಹೊಸ್ತಿಲು ದಾಟಿದಳು. ಗಾಳಿ ಬಂದು ಅವಳ ಸೆರಗನ್ನು ಎತ್ತಿ ಪಟಪಟ ಬಡಿಯಿತು.

"ನಿಲ್ಲು!" ಎಂದಳು ಕನ್ನಿಯಮ್ಮಾಳ್.

ಎಲ್ಲರೂ ನಿಂತರು.

"ಮಾಪ್ಳೆ, ನೀವು ತಿಳಿದವ್ರು. ನಾನು ಓದ್ದೋಳಲ್ಲ. ಒಂದು ಕೇಳ್ತೀನಿ. ಬರೋವಾಗ ಗಾಳಿ ನಿಮ್ಮ ಬೆನ್ನಿಗಿತ್ತು. ಹೋಗೋವಾಗ?"

"ಎದುರಿಗೆ ಅತ್ತೆ."

"ಕಣದಲ್ಲಿ ಇದ್ದಂಗೆ. ಆ ತಗಡು ಕಟ್ಟಿದ ಜಾಗದಲ್ಲೇ ನನ್ನ ಮಗಳು ಕೂರೋದು. ಹಿಂದೆ ಸೆರಗು ಜೋತು ಬೀಳ್ತದೆ." ಅವಳು ಮಗಳ ಸೆರಗಿನ ತುದಿ ಹಿಡಿದು ಎತ್ತಿ, ಕೆಳಕ್ಕೆ ಬಗ್ಗಿಸಿ ತೋರಿಸಿದಳು. "ನಿಮ್ಮನ್ನ, ಗಾಡಿನ, ತಗಡಿನ, ಎಲ್ಲಾನೂ ಎತ್ತಿದ ಗಾಳಿ ಇದು. ನನ್ನ ಮಗಳು ಯಾವ ಲೆಕ್ಕ? ಎರಡು ಇಡ್ಲಿ ತಿಂದ್ರೆ ಮೂರನೇದು ಬೇಡ ಅಂತಾಳೆ."

"ಸೆರಗು ಸೊಂಟಕ್ಕೆ ಸಿಕ್ಕಿಸ್ಕೋತಾಳೆ ಅತ್ತೆ!"

"ಸ್ವಲ್ಪ ಬಗ್ಗಿದ್ರೂ ಎತ್ತಿಬಿಡ್ತದೆ ಅಂತ ನೀವೇ ಹೇಳಿದ್ದು."

ಬೀದಿ ತಲೆದೂಗಿತು. ಹೌದು, ಮಾಪ್ಳೆಯೇ ಹೇಳಿದ್ದು. ಮಾಯಣ್ಣ ಬಸ್ ನಿಲ್ದಾಣದ ಕಡೆ ಕೈ ತೋರಿಸಿದ. "ಸರಿ, ಬಸ್ಸಲ್ಲಿ ಕಳಿಸಿ. ನಾನು ಹಿಂದೆ ಬರ್ತೀನಿ."

"ಬಸ್ಸಿನ ಮೇಲೆ ತಾರ್ಪಾಲು ಕಟ್ಟಿರ್ತಾರಲ್ಲಪ್ಪಾ" ಎಂದಳು ಕುಪ್ಪಮ್ಮ ಕನಿಕರದಿಂದ. "ಹಿಂದಿನ ತುದಿ ಜೋತು ಬಿದ್ದಿರ್ತದೆ. ನಾನೇ ನೋಡಿದ್ದೀನಿ."

ಮಾಯಣ್ಣ ಕೊನೆಯ ಆಸೆಯಿಂದ ದಂಡಪಾಣಿಯ ಕಡೆ ತಿರುಗಿದ. "ಮಾಮಾ, ನೀವೇ ಹೇಳಿ. ರೈಲಿಗೆ ರೆಕ್ಕೆ ಇಲ್ಲ, ತಾರ್ಪಾಲಿಲ್ಲ. ಅಷ್ಟು ಭಾರ. ರೈಲಲ್ಲಿ ಹೋಗ್ಬಹುದಲ್ಲ?"

ದಂಡಪಾಣಿ ಮುರಿದ ನುಗ್ಗೆ ಮರದ ಕಡೆ ಒಮ್ಮೆ ನೋಡಿದ. ಈಗ ಅವನ ಕೈ ಸಲೀಸಾಗಿ ಮೀಸೆಗೆ ಹೋಯಿತು. "ನನ್ನನ್ನ ಕೇಳ್ತೀರಾ ಮಾಪ್ಳೆ? ಬ್ರೇಕು ಅಂದು ತಪ್ಪಿದವನು ನಾನು. ಗಾಳಿ ವಿಷ್ಯ ನಿಮಗೇ ಗೊತ್ತು."

ತೀರ್ಮಾನವಾಯಿತು. ಇನ್ನೆರಡು ತಿಂಗಳಿಗೆ ಐಪ್ಪಸಿ ಬಂದು ಮಳೆ ಹಿಡಿದರೆ ಈ ಗಾಳಿ ನಿಲ್ಲುತ್ತದೆ, ಆಗ ಕಳಿಸುವುದು. ಕನ್ನಿಯಮ್ಮಾಳ್ ಪೆಟ್ಟಿಗೆಯನ್ನು ತಾನೇ ಬಿಚ್ಚಿ ಒಳಗೆ ಹೊತ್ತುಕೊಂಡು ಹೋದಳು. ಒಂದು ತಿಂಗಳಿಂದ ಅಷ್ಟು ಹಗುರವಾಗಿ ಅವಳು ನಡೆದದ್ದನ್ನು ಯಾರೂ ನೋಡಿರಲಿಲ್ಲ. ಮಾಯಣ್ಣನಿಗೆ ಅಳು ಬರುವುದೊಂದು ಬಾಕಿ.

ಅವನು ಮೊಪೆಡ್ ತಳ್ಳಿಕೊಂಡು ಬೀದಿಯ ತಿರುವಿಗೆ ಬಂದಾಗ ಚಂದ್ರಾ ಬುತ್ತಿಯ ಡಬ್ಬಿ ಹಿಡಿದು ಓಡಿ ಬಂದಳು. ಅವಳ ಕಣ್ಣಲ್ಲೂ ನೀರಿತ್ತು. ಆದರೂ ಅವಳು ಚಂದ್ರಾಳೇ.

"ಏನುಂಗ" ಎಂದಳು ಮೂಗು ಒರೆಸಿಕೊಳ್ಳುತ್ತ, "ಇನ್ನೊಂದು ಕೇಳ್ಲಾ? ವಿಮಾನ ನೆಲ ಮುಟ್ಟಿದ ಕೂಡ್ಲೇ, ರೆಕ್ಕೆ *ಮೇಲ್ಗಡೆ* ಸಣ್ಣ ಹಲಗೆಗಳು ಎದ್ದು ನಿಲ್ತವಲ್ಲ, ಅದು ಯಾತಕ್ಕೆ?"

ಮಾಯಣ್ಣನ ಬಾಯಿ ಅಭ್ಯಾಸದಂತೆ ತೆರೆಯಿತು. ಅಷ್ಟರಲ್ಲಿ ಅವನ ಕಣ್ಣು ಹಿಂದಕ್ಕೆ ಹೋಯಿತು. ತಿರುವಿನ ಬೇವಿನ ಮರದ ಹತ್ತಿರ ಕನ್ನಿಯಮ್ಮಾಳ್ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದಳು. ತೆರೆದ ಬಾಯಿಯನ್ನು ಅವನು ಮುಚ್ಚಿದ. ಹೊಟ್ಟೆಯೊಳಗಿನ ಧೈರ್ಯವನ್ನೆಲ್ಲ ಒಟ್ಟು ಮಾಡಿ, ಹುಟ್ಟಿದಾಗಿನಿಂದ ಆಡದಿದ್ದ ಆ ಮಾತನ್ನು ಮೊದಲ ಸಲ ಆಡಿದ.

"ಗೊತ್ತಿಲ್ಲ."

ಹೇಳಿದ ಮೇಲೆ ಅವನಿಗೆ ಹಾಯೆನಿಸಿತು. ಈ ಒಂದು ಮಾತನ್ನು ಬೆಳಿಗ್ಗೆ ತಿಣ್ಣೆಯ ಮೇಲೆಯೇ ಆಡಿದ್ದರೆ ಇಷ್ಟು ಹೊತ್ತಿಗೆ ಊರ ದಾರಿಯಲ್ಲಿ ಉಡುಮಲೈ ದಾಟಿರುತ್ತಿದ್ದೆವಲ್ಲ ಎಂದುಕೊಂಡ. ಇನ್ನು ಮೇಲೆ ಯಾರು ಏನೇ ಕೇಳಲಿ, ಇದೇ ಉತ್ತರ.

"ಗೊತ್ತಿಲ್ವಾ?" ಎಂದು ಬೇವಿನ ಮರದ ಕಡೆಯಿಂದ ಕನ್ನಿಯಮ್ಮಾಳ್‌ಳ ದನಿ ಬಂತು. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಿದ್ದಳು. "ಕಡವುಳೇ! ಎದ್ದೇಳೋದು ಮಾತ್ರ ಗೊತ್ತು, ಇಳಿದ ಮೇಲೆ ನಿಲ್ಲೋದು ಇನ್ನೂ ಗೊತ್ತಿಲ್ಲ! ಇಂಥವ್ರ ಹಿಂದೆ ಮಗಳನ್ನ ಕೂರಿಸಿ ಕಳಿಸ್ತಿದ್ನಲ್ಲ. ನೀನು ಒಳಗೆ ಬಾ ಚಂದ್ರಾ. ಐಪ್ಪಸಿ ಆಮೇಲೆ ನೋಡೋಣ, ಮೊದ್ಲು ಅವ್ರು ಅದನ್ನೂ ಕಲ್ತುಕೊಂಡು ಬರ್ಲಿ."